‘ತಟಸ್ಥ’ ತೇಲುವುದು ಹೇಗೆ? ಡ್ರಿಫ್ಟ್‌ಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಜೀವವಿಕಾಸದ ಪಾಠದ ‘ನ್ಯೂಟ್ರಲ್’, ‘ಡ್ರಿಫ್ಟ್’ ಅನ್ನುವ ಎರಡು ಪದಗಳ ನಡುವೆ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಜಪಾನಿನ ಮೊಟೊ ಕಿಮುರಾ ಅವರ ಕೆಲಸದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಮಿಶಿಮಾ ಊರಿನ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯಲ್ಲಿದ್ದವರು. 1968ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಅವರದೊಂದು ಪುಟ್ಟ ಲೇಖನ ಬಂತು. ಹಿಮೋಗ್ಲೋಬಿನ್‌ನಂಥ ಪ್ರೋಟೀನುಗಳು ಬೇರೆ ಬೇರೆ ಪ್ರಾಣಿಗಳಲ್ಲಿ ಎಷ್ಟೆಷ್ಟು ಬದಲಾಗಿವೆ ಅಂತ ನೋಡಿ ಲೆಕ್ಕ ಹಾಕಿದರೆ, ಸಸ್ತನಿಗಳಲ್ಲಿ ಸುಮಾರು ಎರಡು ವರ್ಷಕ್ಕೊಂದು ಬದಲಾವಣೆ ಇಡೀ ಕುಲಕ್ಕೆ ಹಬ್ಬಿ ನಿಲ್ಲುತ್ತಿರಬೇಕು ಅಂತ ಉತ್ತರ ಬಂತು. ಬ್ರಿಟನ್ನಿನ ತಳಿವಿಜ್ಞಾನಿ ಹಾಲ್ಡೇನ್ 1957ರಲ್ಲಿ ಹಾಕಿದ್ದ ಲೆಕ್ಕವೋ, ನಿಸರ್ಗದ ಆಯ್ಕೆ ನಿಭಾಯಿಸಬಲ್ಲದ್ದು ಸುಮಾರು 300 ತಲೆಮಾರಿಗೆ ಒಂದನ್ನು. (ಹಾಲ್ಡೇನ್ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದದ್ದೂ ಅದೇ ವರ್ಷ. ಆ ಲೇಖನ ಬಂದಿದ್ದ ಜರ್ನಲ್ ಆಫ್ ಜೆನೆಟಿಕ್ಸ್ ಈಗ ಹೊರಬರುವುದು ನಮ್ಮ ಬೆಂಗಳೂರಿನಿಂದ, ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನವರು ತರುತ್ತಾರೆ.) ಎರಡು ಲೆಕ್ಕವೂ ತಾಳೆಯಾಗಲ್ಲ. ಹಾಗಾದರೆ ಈ ಬದಲಾವಣೆಗಳಲ್ಲಿ ಹೆಚ್ಚಿನವಕ್ಕೆ ಆಯ್ಕೆಯ ಹಂಗೇ ಇಲ್ಲ, ಅವು ಒಳ್ಳೆಯವೂ ಅಲ್ಲ ಕೆಟ್ಟವೂ ಅಲ್ಲ, ಸುಮ್ನೆ ಡ್ರಿಫ್ಟ್‌ನಿಂದ, ಅಂದರೆ ಗುಂಪಿನಲ್ಲಿ ಅವುಗಳ ಪಾಲು ತಲೆಮಾರಿನಿಂದ ತಲೆಮಾರಿಗೆ ಆಕಸ್ಮಿಕವಾಗಿ ಏರಿಳಿಯುವುದರಿಂದ, ಹಬ್ಬಿದವು ಅಂದರು ಕಿಮುರಾ. ಇದೇ ನ್ಯೂಟ್ರಲ್ ಥಿಯರಿ.

ನ್ಯೂಟ್ರಲ್ ಅಂದರೆ ನಮ್ಮಲ್ಲಿ ‘ತಟಸ್ಥ’. ಸರಿ, ಬರೆದೆ. ಡ್ರಿಫ್ಟ್‌ಗೆ ‘ತೇಲಾಟ’ ಇರಲಿ ಅಂತ ಅದನ್ನೂ ಬರೆದೆ. ಆಮೇಲೆ ಓದಿಕೊಂಡರೆ ವಾಕ್ಯ ಹೀಗಿತ್ತು: ‘ತಟಸ್ಥ ಬದಲಾವಣೆಗಳು ತೇಲುತ್ತಾ ಹೋಗುತ್ತವೆ.’ ತಟ ಅಂದರೆ ದಡ. ತಟಸ್ಥ ಅಂದರೆ ದಡದ ಮೇಲೆ ನಿಂತವನು. ದಡದ ಮೇಲೆ ನಿಂತವನು ತೇಲುವುದು ಹೇಗೆ? ನಗು ಬಂತು, ಆಮೇಲೆ ತಲೆನೋವೂ ಬಂತು. ಕಿಮುರಾ ಹೇಳುವ ಬದಲಾವಣೆ ದಡದಲ್ಲಿ ನಿಂತು ನೋಡುವಂಥದ್ದಲ್ಲ, ನೀರಿನಲ್ಲೇ ಇರುವಂಥದ್ದು. ಜಪಾನಿಯಲ್ಲಿ ಈ ಪೇಚಿಲ್ಲ. ಅವರ ‘ಚೂರಿತ್ಸು’ ಅಂದರೆ ನಡುವೆ ನಿಂತದ್ದು, ‘ಫುದೋ’ ಅಂದರೆ ತೇಲಿ ಚಲಿಸುವುದು. ನಡುನೀರಲ್ಲೂ ನಿಲ್ಲಬಹುದಲ್ವಾ!

ನನ್ನ ತಂಗಿಯ ಮಗಳ ಜೊತೆ ಈ ಡ್ರಿಫ್ಟನ್ನು ಆಡಿಯೇ ನೋಡಿದೆ. ಹತ್ತು ಹುಣಸೆ ಬೀಜ, ಐದು ಕಂದು, ಐದು ಸಿಪ್ಪೆ ತೆಗೆದ ಬಿಳಿ. ಕಣ್ಣು ಮುಚ್ಚಿ ಒಂದು ತೆಗೆದು, ಬಣ್ಣ ಬರೆದುಕೊಂಡು, ವಾಪಸ್ ಹಾಕುವುದು. ಹತ್ತು ಸಲ ಹೀಗೆ ಮಾಡಿದರೆ ಒಂದು ತಲೆಮಾರು. ಬಂದ ಲೆಕ್ಕದಂತೆ ಬಟ್ಟಲಿನ ಬೀಜ ಬದಲಿಸಿ ಮತ್ತೆ ಶುರು. ಐದು ಆರಾಯಿತು, ನಾಲ್ಕಾಯಿತು, ಏಳಾಯಿತು, 13ನೇ ಸುತ್ತಿಗೆ ಬಟ್ಟಲೆಲ್ಲಾ ಬಿಳಿ. ಬಿಳಿ ಬೀಜ ಏನೂ ಮಾಡಿರಲಿಲ್ಲ, ಪಾಪ.

ಅದಕ್ಕೇ ಡ್ರಿಫ್ಟಿಗೆ ‘ಹೊಯ್ದಾಟ’ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಹೊಯ್ದಾಡುವುದು ಅತ್ತಿತ್ತ ಹೋಗಿ ಮತ್ತೆ ನಡುವಿಗೆ ಬರುತ್ತದೆ, ತಕ್ಕಡಿಯ ಹಾಗೆ. ಇಲ್ಲಿ ವಾಪಸ್ ಕರೆಯುವವರು ಯಾರೂ ಇಲ್ಲ. 1956ರಲ್ಲಿ ಪೀಟರ್ ಬುರಿ ಹಣ್ಣಿನ ನೊಣಗಳ 107 ಗುಂಪು ಸಾಕಿ, ಪ್ರತಿ ತಲೆಮಾರಿಗೂ ಗುಂಪಿಗೆ 16 ನೊಣ ಮಾತ್ರ ಆರಿಸಿಕೊಂಡು ಮುಂದುವರಿಸಿದರು. ಕಣ್ಣಿನ ಬಣ್ಣದ ವಂಶವಾಹಿಯ ಎರಡು ರೂಪ ಸಮಸಮ ಇದ್ದವು. 19 ತಲೆಮಾರಿನ ಹೊತ್ತಿಗೆ 30 ಗುಂಪಿನಲ್ಲಿ ಒಂದು ರೂಪ ಪೂರ್ತಿ ಮಾಯ, 28ರಲ್ಲಿ ಅದೊಂದೇ ಉಳಿದಿತ್ತು.

‘ಅಲೆತ’ ಅಂತಲೂ ಬಳಸುತ್ತಾರೆ, ಖಂಡಗಳ ಅಲೆತ ಅಂದ ಹಾಗೆ. ಪದ ಚೆನ್ನಾಗಿದೆ. ಆದರೆ ‘ವಂಶವಾಹಿ ಅಲೆತ’ ಅಂದರೆ ವಂಶವಾಹಿ ಒಂದು ಊರಿಂದ ಇನ್ನೊಂದು ಊರಿಗೆ ಹೋಯಿತು ಅಂತ ಓದುವವರು ಅಂದುಕೊಳ್ಳುತ್ತಾರೆ. ಅದು ವಲಸೆ, ಅದು ಬೇರೆಯದೇ ವಿಷಯ. ಇಲ್ಲಿ ಅಲೆಯುವುದು ವಂಶವಾಹಿ ಅಲ್ಲ, ಗುಂಪಿನಲ್ಲಿ ಅದರ ಪಾಲು.

ನನ್ನ ಮನಸ್ಸಿನಲ್ಲಿರುವ ಚಿತ್ರ ಹೊಳೆಯದ್ದಲ್ಲ, ಕೆರೆಯದ್ದು. ಹೊಳೆಗೆ ಹರಿವಿದೆ, ದಿಕ್ಕಿದೆ. ಕೆರೆಯಲ್ಲಿ ಬಿಟ್ಟ ತೆಂಗಿನ ಕರಟ ಒಂದಿಷ್ಟು ಅಲ್ಲಿ, ಒಂದಿಷ್ಟು ಇಲ್ಲಿ ತೇಲುತ್ತಾ ಕೊನೆಗೆ ಯಾವುದೋ ಒಂದು ದಡಕ್ಕೆ ಹತ್ತಿ ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈ ದಡ ಅಂದರೆ ಎಲ್ಲರಲ್ಲೂ ಅದೇ. ಆ ದಡ ಅಂದರೆ ಯಾರಲ್ಲೂ ಇಲ್ಲ. ಕೆರೆ ದೊಡ್ಡದಾದಷ್ಟೂ ದಡ ಮುಟ್ಟುವುದು ತಡ. ಹಾಗಾಗಿ ‘ಪಾಲಿನ ತೇಲಾಟ’ ಅನ್ನೋಣ ಅಂತಿದ್ದೇನೆ. ಬದಲಾವಣೆ ಪೂರ್ತಿ ಹಬ್ಬಿ ನಿಲ್ಲುವುದಕ್ಕೆ ‘ಸ್ಥಿರೀಕರಣ’ ಬೇಡ, ‘ದಡ ಹತ್ತುವುದು’ ಸಾಕು. ದಡ ಹತ್ತಿದ ಮೇಲೆ ಬೇಕಾದರೆ ತಟಸ್ಥ ಅನ್ನಿ, ಜಗಳವಿಲ್ಲ.

ನ್ಯೂಟ್ರಲ್‌ಗೆ ಮಾತ್ರ ದಾರಿ ಸಿಕ್ಕಿಲ್ಲ. ‘ಅಲಿಪ್ತ’ ಅಂದರೆ ನೆಹರೂ ಕಾಲದ ರಾಷ್ಟ್ರಗಳು ನೆನಪಾಗುತ್ತವೆ. ‘ನಿರುಪದ್ರವಿ’ ತಪ್ಪು, ಉಪಕಾರವೂ ಇಲ್ಲ ಅನ್ನುವುದು ಅದರಲ್ಲಿ ಬರುವುದಿಲ್ಲ. ಅರ್ಥಕ್ಕೆ ಒಪ್ಪುವುದು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಸಣ್ಣ ಮಗು ಅಳುತ್ತೆ ಅಂತ ಆಟಕ್ಕೆ ಸೇರಿಸಿಕೊಂಡು ಔಟಾದರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಆಯ್ಕೆ ಈ ಬದಲಾವಣೆಗಳನ್ನು ನೋಡುವುದೂ ಹಾಗೆಯೇ. ತಮಾಷೆ ಏನೆಂದರೆ ಈ ಲೆಕ್ಕಕ್ಕಿಲ್ಲದವುಗಳದ್ದೇ ಲೆಕ್ಕ ಅತ್ಯಂತ ಚೊಕ್ಕ. ಗುಂಪು ದೊಡ್ಡದಾದರೆ ಹೊಸ ಬದಲಾವಣೆ ಜಾಸ್ತಿ ಹುಟ್ಟುತ್ತವೆ, ಆದರೆ ಒಂದೊಂದಕ್ಕೂ ಗೆಲ್ಲುವ ಅವಕಾಶ ಅಷ್ಟೇ ಕಮ್ಮಿ. ಎರಡೂ ವಜಾ ಆಗಿ, ಅವು ಹಬ್ಬಿ ನಿಲ್ಲುವ ವೇಗ ಹೊಸದಾಗಿ ಹುಟ್ಟುವ ವೇಗಕ್ಕೆ ಸಮ, ಗುಂಪಿನ ಗಾತ್ರ ಎಷ್ಟೇ ಇರಲಿ. ಒಂದೇ ಸಾಲಿನ ಲೆಕ್ಕ, ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಆದರೆ ಗಾದೆಯಂಥ ಮಾತನ್ನು ಪಾರಿಭಾಷಿಕ ಪದವಾಗಿ ಇಡುವುದು ಹೇಗೆ? ‘ಲೆಕ್ಕಕ್ಕಿಲ್ಲದ ಬದಲಾವಣೆ’ ಅಂದರೆ ಮುಖ್ಯವಲ್ಲದ್ದು ಅಂತ ಆಗಿಬಿಡುತ್ತದೆ.

ಇಷ್ಟರ ಮೇಲೆ ಕಿಮುರಾ ಅವರ ಜೊತೆ ಕೆಲಸ ಮಾಡಿದ ತೊಮೊಕೊ ಓಹ್ತಾ 1973ರಲ್ಲಿ ‘ಹೆಚ್ಚೂಕಮ್ಮಿ ನ್ಯೂಟ್ರಲ್’ ಅನ್ನುವುದನ್ನೂ ತಂದರು. ತುಸು ಕೆಟ್ಟದ್ದು, ಸಣ್ಣ ಗುಂಪಿನಲ್ಲಿ ತೇಲಿ ಉಳಿದುಬಿಡುತ್ತದೆ, ದೊಡ್ಡ ಗುಂಪಿನಲ್ಲಿ ಆಯ್ಕೆ ಹಿಡಿದುಹಾಕುತ್ತದೆ. ಅದನ್ನು ‘ಹೆಚ್ಚೂಕಮ್ಮಿ ತಟಸ್ಥ’ ಅಂದರೆ ಮೊಣಕಾಲಷ್ಟು ನೀರಲ್ಲಿ ನಿಂತವನ ಚಿತ್ರ ಬರುತ್ತದೆ ನನಗೆ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಇಂಜಿನ್ ನಿಲ್ಲಿಸಿ, ಹುಟ್ಟೂ ಹಾಕದೆ ಬಿಟ್ಟ ದೋಣಿ ತನ್ನಷ್ಟಕ್ಕೆ ಸರಿಯುತ್ತಾ ಹೋಗುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಬರವಣಿಗೆಯ ಪದವಲ್ಲ, ದೋಣಿಯಲ್ಲಿ ಕೂತವರು ಹೇಳುವುದು ಬೇಕು.