ಊರಿನ ಟ್ರಸ್ಟ್ ದುಡ್ಡು ಯಾವ ಆರೋಗ್ಯ ಕೆಲಸಕ್ಕೆ ಹೋಗ್ಬೇಕು ಅಂತ ಹೇಳೋರು ಯಾರು?

ಮಧುಗಿರಿಯವ

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ದು ಮಧುಗಿರಿ ಕಡೆ ಒಂದು ಚಿಕ್ಕ ಟ್ರಸ್ಟ್, ತಾತನ ಕಾಲದ್ದು. ಎರಡು ಅಂಗಡಿ ಮಳಿಗೆ ಬಾಡಿಗೆ, ಜೊತೆಗೆ ಬೆಂಗಳೂರಲ್ಲಿರೋ ಊರಿನವ್ರು ಕೊಡೋದು ಎಲ್ಲಾ ಸೇರಿ ವರ್ಷಕ್ಕೆ 7-8 ಲಕ್ಷ ಆಗುತ್ತೆ. ಅರ್ಧ ಮಕ್ಕಳ ಓದಿಗೆ, ಅರ್ಧ ಆರೋಗ್ಯಕ್ಕೆ. ಓದಿನ ಲೆಕ್ಕ ಸಲೀಸು, ಮಾರ್ಕ್ಸ್ ಕಾರ್ಡು ಫೀಸ್ ರಸೀದಿ ನೋಡಿದ್ರೆ ಮುಗೀತು. ಆರೋಗ್ಯದ್ದೇ ಗೊತ್ತಾಗ್ತಿಲ್ಲ. ಯಾರು ಮೊದ್ಲು ಅರ್ಜಿ ಹಿಡ್ಕೊಂಡ್ ಬರ್ತಾರೋ ಅವ್ರಿಗೆ ಕೊಟ್ಟು ಕಳಿಸ್ತಾ ಬಂದಿದೀವಿ. ಒಂದ್ ವರ್ಷ ಕಣ್ಣಿನ ಕ್ಯಾಂಪು, ಒಂದ್ ವರ್ಷ ವೀಲ್‌ಚೇರು. ಮೂರು ವರ್ಷದ ಹಿಂದೆ ಒಂದು ಆಸ್ಪತ್ರೆಗೆ ರಕ್ತ ಪರೀಕ್ಷೆ ಮೆಷಿನ್ ಕೊಡಿಸಿದ್ವಿ, ಅದಕ್ಕೆ ತಿಂಗಳು ತಿಂಗಳು ಕೆಮಿಕಲ್ ಬೇಕು ಅಂತ ನಮಗ್ಯಾರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ಈಗ ಅದು ಬಟ್ಟೆ ಮುಚ್ಕೊಂಡು ಮೂಲೆಲಿ ಕೂತಿದೆ. ಹೋದ ತಿಂಗಳು ನೋಡ್ಕೊಂಡ್ ಬಂದೆ, ಆ ರಾತ್ರಿ ನಿದ್ದೆ ಬರ್ಲಿಲ್ಲ. ಊರಿನವ್ರು ನಂಬಿ ಕೊಟ್ಟಿರೋ ದುಡ್ಡದು.

ಅದಕ್ಕೆ ನಾನು ಮೀಟಿಂಗಲ್ಲಿ ಹೇಳ್ದೆ, ಆರೋಗ್ಯದ ವಿಷಯ ಬಲ್ಲವರ ಒಂದು ಸಲಹಾ ಸಮಿತಿ ಮಾಡಣ, ಅವ್ರು ಹೇಳಿದ್ ಮೇಲೇ ಚೆಕ್ ಬರೆಯಣ ಅಂತ. ದೊಡ್ಡಪ್ಪನಿಗೆ ಇಷ್ಟ ಇಲ್ಲ. "ದುಡ್ಡು ನಮ್ದು, ಊರು ನಮ್ದು, ಹೊರಗಿನ ಡಾಕ್ಟ್ರು ಬಂದು ಏನ್ ಹೇಳ್ತಾರೆ" ಅಂತಾರೆ. ಇನ್ನೊಬ್ರು ಟ್ರಸ್ಟಿ ಡಯಾಲಿಸಿಸ್ ಮೆಷಿನ್ ಕೊಡಿಸಣ ಅಂತ ಪಟ್ಟು ಹಿಡಿದಿದಾರೆ. ಯಾರಾದ್ರೂ ಈ ಥರ ಸಮಿತಿ ಮಾಡಿದೀರಾ? ಯಾರ್ಯಾರನ್ನ ಕರೀಬೇಕು, ಅವ್ರ ಕೈಗೆ ಎಷ್ಟು ಅಧಿಕಾರ ಕೊಡ್ಬೇಕು?

ಕಮ್ಯುನಿಟಿ ಮೆಡಿಸಿನ್ ಮೇಷ್ಟ್ರು

ಒಳ್ಳೇ ಪ್ರಶ್ನೆ ಸಾರ್. ಮೆಡಿಕಲ್ ಕಾಲೇಜಲ್ಲಿ ಇದೇ ವಿಷಯ, ಅಂದ್ರೆ ಇಡೀ ಊರಿನ ಆರೋಗ್ಯ ನೋಡೋ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡ್ತಿದ್ದೆ, ಈಗ ರಿಟೈರ್ಡು.

ಮೊದ್ಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ಡಾಕ್ಟ್ರೆಲ್ಲಾ ಈ ಕೆಲಸಕ್ಕೆ ಆಗೋದಿಲ್ಲ. ಕಿಡ್ನಿ ಡಾಕ್ಟ್ರನ್ನ ಕೇಳಿದ್ರೆ ಡಯಾಲಿಸಿಸ್ ಅಂತಾರೆ, ಕಣ್ಣಿನವರು ಪೊರೆ ಆಪರೇಷನ್ ಅಂತಾರೆ, ಅವರವರ ಮುಂದೆ ಬಂದು ಕೂರೋ ರೋಗಿ ಅವರವರಿಗೆ ಕಾಣ್ಸೋದು, ಅದು ಅವ್ರ ತಪ್ಪಲ್ಲ. ನಿಮಗೆ ಬೇಕಾಗಿರೋದು ಆಸ್ಪತ್ರೆಗೆ ಬರದೇ ಇರೋರ ಲೆಕ್ಕಾನೂ ಇಟ್ಕೊಂಡಿರೋರು. ನಿವೃತ್ತ ಟಿಎಚ್‌ಓ (ತಾಲ್ಲೂಕು ಆರೋಗ್ಯಾಧಿಕಾರಿ) ಒಬ್ರು, ಕಮ್ಯುನಿಟಿ ಮೆಡಿಸಿನ್ ಓದಿರೋ ಒಬ್ರು, ಹಳ್ಳಿ ಸುತ್ತಿ ಹಳಬರಾಗಿರೋ ಎಎನ್‌ಎಂ ಸಿಸ್ಟರ್ (ಆರೋಗ್ಯ ಉಪಕೇಂದ್ರದ ನರ್ಸ್) ಒಬ್ರು, ಆಶಾ ಕಾರ್ಯಕರ್ತೆಯರು ಇಬ್ರು. ಸಾಕು.

ಡಯಾಲಿಸಿಸ್ ವಿಷಯ ಹೇಳ್ತೀನಿ. ಒಬ್ಬ ರೋಗಿಗೆ ವಾರಕ್ಕೆ ಎರಡು ಮೂರು ಸಲ, ಒಂದೊಂದ್ಸಲಕ್ಕೆ 4 ಗಂಟೆ, ಕಿಡ್ನಿ ಕಸಿ ಆಗ್ಲಿಲ್ಲ ಅಂದ್ರೆ ಜೀವ ಇರೋ ತನಕ. ಮೆಷಿನ್ ತರೋದು ಒಂದ್ ದಿನದ ಖರ್ಚು, ಟೆಕ್ನಿಷಿಯನ್ನು, ಶುದ್ಧ ನೀರು, ಫಿಲ್ಟರ್ರು ಇವೆಲ್ಲ ಪ್ರತಿ ವಾರದ ಖರ್ಚು. ವರ್ಷಕ್ಕೆ ನಾಲ್ಕು ಲಕ್ಷ ಇಟ್ಕೊಂಡು ಅದಕ್ಕೆ ಕೈ ಹಾಕಿದ್ರೆ ಇನ್ನೊಂದು ಮೆಷಿನ್ ಮೂಲೆ ಸೇರುತ್ತೆ.

ಅದೇ ದುಡ್ಡು ಬೇಳೆಗೆ ಹಾಕಿದ್ರೆ ಏನಾಗುತ್ತೆ ನೋಡಿ. ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತೆ ಡಾ. ಮಾಧವಿ ಭಾರ್ಗವ ತಂಡ ಜಾರ್ಖಂಡಲ್ಲಿ ಒಂದು ದೊಡ್ಡ ಅಧ್ಯಯನ ಮಾಡ್ತು, 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. 2,800 ಟಿಬಿ ರೋಗಿಗಳು, ಅವ್ರ ಮನೆಯ 10,345 ಜನ. ರೋಗಿಗಳಿಗೆಲ್ಲ ಆಹಾರ ಕೊಟ್ರು, ಜೊತೆಗೆ ಅರ್ಧ ಕಡೆ ಮನೆಯವ್ರಿಗೂ ಕೊಟ್ರು, ದೊಡ್ಡವ್ರಿಗೆ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ, ಅಷ್ಟೇ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39% ಕಡಿಮೆ ಆಯ್ತು. ಸರ್ಕಾರದ ನಿಕ್ಷಯ ಮಿತ್ರ ಯೋಜನೇಲಿ ನಿಮ್ಮ ಟ್ರಸ್ಟೇ ಹೆಸ್ರು ನೋಂದಾಯಿಸ್ಕೊಂಡು ಇದನ್ನ ಮಾಡಬಹುದು, ಈಗ ಮನೆಯವ್ರಿಗೂ ಕೊಡೋಕೆ ಅವಕಾಶ ಇದೆ. ಇಂಥದ್ದು ಯಾವ ಅರ್ಜಿಯಲ್ಲೂ ಬರೋದಿಲ್ಲ ಸಾರ್, ಯಾಕಂದ್ರೆ ಬೇಳೆ ಬೇಕು ಅಂತ ಟ್ರಸ್ಟ್ ಆಫೀಸಿಗೆ ಅರ್ಜಿ ಬರೆಯೋ ತ್ರಾಣ ಆ ಮನೆಯವ್ರಿಗೆ ಇರಲ್ಲ. ಅದಕ್ಕೇ ಸಮಿತಿ ಬೇಕಾಗಿರೋದು. ಬಂದಿರೋ ಅರ್ಜೀಲಿ ಆರಿಸೋಕೆ ಮಾತ್ರ ಅಲ್ಲ, ಬರದೇ ಇರೋ ಅರ್ಜಿ ಹುಡುಕೋಕೆ.

ದೊಡ್ಡಪ್ಪನವ್ರಿಗೆ ಮಳ್ಳೂರಿನ ಕಥೆ ಹೇಳಿ. ಶಿಡ್ಲಘಟ್ಟ ತಾಲ್ಲೂಕು, ಆಗ ಕೋಲಾರ ಜಿಲ್ಲೆ. 1973ರಲ್ಲೇ ಅಲ್ಲಿನ ಹಾಲಿನ ಸೊಸೈಟಿಯವರು ಹಾಲಿನ ದುಡ್ಡಲ್ಲಿ ಒಂದು ಪಾಲು ಎತ್ತಿಟ್ಟು ಆರೋಗ್ಯ ಕೇಂದ್ರ ನಡೆಸಿದ್ರು, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಜೊತೆಗೆ ನಿಂತ್ರು. ದುಡ್ಡು ರೈತರದ್ದು, ಊರು ರೈತರದ್ದು, ತಿಳುವಳಿಕೆ ಹೊರಗಿಂದ ಬಂತು. ಅದ್ರಿಂದ ಊರಿನ ಮರ್ಯಾದೆ ಏನೂ ಕಮ್ಮಿ ಆಗ್ಲಿಲ್ಲ.

ಮುಂಡರಗಿ ಮಂದಿ

ಮೇಷ್ಟ್ರು ಹೇಳಿದ್ದು ಖರೇ ಅದ, ಆದ್ರ ಒಂದ್ ಮಾತು ಹೇಳ್ತೀನ್ರಿ. ನಮ್ಮ ಸಂಘದಾಗೂ ಸಮಿತಿ ಮಾಡಿದ್ವಿ, ಐದೂ ಮಂದಿ ಡಾಕ್ಟ್ರನ್ನ ಹಾಕಿ. ಅದ್ರಾಗ ಒಬ್ಬರು ಎರಡು ವರ್ಷ ತಮ್ಮ ಸಂಬಂಧಿಕರ ನರ್ಸಿಂಗ್ ಹೋಮಿಗೇ ಕ್ಯಾಂಪ್ ಹೋಗೂಹಂಗ ಮಾಡಿದ್ರು. ನಮಗ ಗೊತ್ತಾಗೂದ್ರಾಗ ರೊಕ್ಕ ಹೋಗಿತ್ತು. ಈಗ ವರ್ಷದ ಮೊದಲನೇ ಮೀಟಿಂಗದಾಗ ಎಲ್ಲಾರೂ ಬರದು ಕೊಡ್ಬೇಕ್ರಿ, ಯಾವ ಆಸ್ಪತ್ರಿ, ಯಾವ ಮೆಡಿಕಲ್ ಶಾಪು, ಯಾವ ಸಂಸ್ಥಾ ಜೋಡಿ ತಮಗ ಏನ್ ಸಂಬಂಧ ಅದ ಅಂತ. ಆ ಅರ್ಜಿ ಬಂದಾಗ ಅವ್ರು ಎದ್ದು ಹೊರಗ ಹೋಗ್ತಾರ, ಅದನ್ನ ನಡಾವಳಿ ಪುಸ್ತಕದಾಗ ಬರೀತೀವಿ. ಟ್ರಸ್ಟಿಗಳಿಗೂ ಇದೇ ರೂಲು ಮತ್ತ. ಸಹಿ ಮಾಡೋ ಅಧಿಕಾರ ಟ್ರಸ್ಟಿಗಳ ಕೈಯಾಗೇ ಇಟ್ಕೋರಿ, ಆದ್ರ ಸಮಿತಿ ಬ್ಯಾಡ ಅಂದದ್ದನ್ನ ನೀವು ಮಾಡ್ತೀರಿ ಅಂದ್ರ ಯಾಕ ಮಾಡಾಕತ್ತೀವಿ ಅಂತ ಬರೀರಿ. ಬರೀಬೇಕು ಅಂದ ಕೂಡ್ಲೇ ಅರ್ಧ ವಶೀಲಿ ನಿಲ್ತದ.

ಛಲೋ ಆದದ್ದೂ ಹೇಳ್ತೀನಿ. ನಮ್ಮ ಕಡೆ ಬೋರ್ ನೀರಾಗ ಫ್ಲೋರೈಡ್ ಭಾಳ, ಹುಡುಗರ ಹಲ್ಲು ಕಂದು ಬಣ್ಣ, ವಯಸ್ಸಾದವ್ರ ಗಂಟು ಮಣಿಯಂಗಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರು ಇಲ್ಲಂದ್ರ 1.5 ತನಕ ನಡೀತದ. ಕುದಿಸಿದ್ರೂ ಹೋಗಂಗಿಲ್ಲ ಅದು. ಅದಕ್ಕ ನಾವು ಹೊಸ ಶುದ್ಧ ನೀರಿನ ಘಟಕ ಕಟ್ಟಸೂಣು ಅಂತ ಹೊಂಟಿದ್ವಿ, ಕಲ್ಲಿನ ಮ್ಯಾಲೆ ಹೆಸ್ರು ಕೆತ್ತಸೂದೂ ತಯಾರಿ ಆಗಿತ್ತು. ಆಮ್ಯಾಲೆ ಸಮಿತಿಗೆ ಸೇರಿಸ್ಕೊಂಡಿದ್ದ ಒಬ್ಬ ಹಿರೇ ಹೆಲ್ತ್ ಇನ್ಸ್‌ಪೆಕ್ಟರು ಕೇಳಿದ್ರು, ಸುತ್ತ ಹಳ್ಳ್ಯಾಗ ಎಷ್ಟು ಘಟಕ ಬಂದ್ ಬಿದ್ದಾವ ಎಣಿಸೀರೇನು ಅಂತ. ಹೋಗಿ ನೋಡಿದ್ರ ನಮ್ಮ ಊರ ಸುತ್ತನ ನಾಕು ಬಂದ್ ಇದ್ವು, ಒಂದಕ್ಕ ನೀರು ಸೋಸೂ ಮೆಂಬ್ರೇನ್ ಹೋಗಿತ್ತು, ಒಂದಕ್ಕ ಮೋಟಾರ್, ಇನ್ನೊಂದಕ್ಕ ಬರೇ ಕರೆಂಟ್ ಬಿಲ್ ಬಾಕಿ. ಹೊಸಾದು ಒಂದು ಕಟ್ಟೂ ರೊಕ್ಕದಾಗ ಮೂರು ಚಾಲೂ ಆದ್ವು, ಎರಡು ವರ್ಷದ ರಿಪೇರಿಗೆ ಅಂತ ಸ್ವಲ್ಪ ಉಳಿಸಿಟ್ವಿ. ಕಲ್ಲು ಬರಲಿಲ್ಲ. ಮಂದಿ ನೀರು ಕುಡಿಯಾಕತ್ಯಾರ.

ಡಬ್ಲಿನ್ ಕನ್ನಡಿಗ

ಒಂದು ಕಾನೂನಿನ ವಿಷಯ ಮಾತ್ರ ಹೇಳಿ ಹೋಗ್ತೀನಿ. ಊರಿನವ್ರು ಹೊರದೇಶದಿಂದ ಕೊಡ್ತಿದ್ರೆ ಅವ್ರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇರೋ ಎನ್‌ಆರ್‌ಐ ಬ್ಯಾಂಕ್ ಮೂಲಕ ಕೊಟ್ರೆ ಅದು ವಿದೇಶಿ ದೇಣಿಗೆ ಅಲ್ಲ. ನನ್ನ ಥರ ಇಲ್ಲಿನ ಪೌರತ್ವ ತಗೊಂಡೋರು ಕೊಟ್ರೆ ವಿದೇಶಿ ದೇಣಿಗೆನೇ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿಯರಿಗೆ ಕೊಡೋದು) ಇದ್ರೂ ಅಷ್ಟೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ದೇ ತಗೊಳ್ಳೋ ಹಾಗಿಲ್ಲ. 2020ರ ತಿದ್ದುಪಡಿ ಆದ್ಮೇಲೆ ಆ ದುಡ್ಡನ್ನ ಬೇರೆ ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ. ನಮ್ಮೂರಿಗೆ ಕಳಿಸೋಕೆ ಹೋಗಿ ಇದೇ ಕಾರಣಕ್ಕೆ ನಿಂತಿದೆ ನಂದು, ಬೇಜಾರು ತುಂಬಾ ಇದೆ, ಆದ್ರೂ ಟ್ರಸ್ಟ್‌ಗೆ ತೊಂದ್ರೆ ಆಗೋದು ಬೇಡ.

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ, 14 ವರ್ಷ ಆಯ್ತು. ಸಾವಿರ ಜನಕ್ಕೆ ಒಬ್ರು ಅಂತ ಲೆಕ್ಕ, ನನ್ ಏರಿಯಾದಲ್ಲಿ ಅದಕ್ಕಿಂತ ಜಾಸ್ತಿನೇ ಇದಾರೆ. ನಮ್ಮನ್ನ ಸಮಿತಿಗೆ ಕರೀರಿ ಅಂತ ಮೇಷ್ಟ್ರು ಬರ್ದಿದ್ದು ಓದಿ ಖುಷಿ ಆಯ್ತು, ಆದ್ರೆ ಕರೆದ್ರೆ ನಾವು ಮಾತಾಡಲ್ಲ ಸಾರ್. ಟಿಎಚ್‌ಓ ಸಾಹೇಬ್ರು ರಿಟೈರ್ ಆಗಿದ್ರೂ ನಮಗೆ ಸಾಹೇಬ್ರೇ, ಅವ್ರ ಮುಂದೆ ಕುರ್ಚಿ ಮೇಲೆ ಕೂತು ಇಲ್ಲ ನೀವ್ ಹೇಳಿದ್ದು ತಪ್ಪು ಅಂತ ಹೇಳೋಕೆ ಬಾಯಿ ಬರಲ್ಲ. ಮೀಟಿಂಗ್‌ಗೆ ಮುಂಚೆ ಒಂದ್ ದಿನ ನೀವೇ ನಮ್ ಹತ್ರ ಬನ್ನಿ, ಉಪಕೇಂದ್ರದಲ್ಲಿ ಕೂತ್ಕೊಂಡು ಮಾತಾಡಣ, ಬೇಕಾದ್ರೆ ನಾಕು ಮನೆ ಸುತ್ತಣ. ಗುರುವಾರ ಬೇಡ, ಚುಚ್ಚುಮದ್ದು ದಿನ. ಮತ್ತೆ ಮೀಟಿಂಗ್‌ಗೆ ಕರೆದ್ರೆ ಬಸ್ ಚಾರ್ಜು, ಆ ದಿನದ ಕೂಲಿ ಲೆಕ್ಕ ಹಾಕಿ ಕೊಡಿ, ಅರ್ಧ ದಿನ ಬಿಟ್ಟು ಬಂದ್ರೆ ನಮಗೆ ಅಷ್ಟು ದುಡ್ಡು ಹೋಗುತ್ತೆ.

ಏನು ಬೇಕು ಅಂತ ನನ್ನ ಕೇಳಿದ್ರೆ ಮೊದ್ಲು ಆಟೋ ಬಾಡಿಗೆ ಅಂತೀನಿ. ಬಸುರಿಯರಿಗೆ ಸ್ಕ್ಯಾನಿಂಗ್‌ಗೆ ತಾಲ್ಲೂಕಿಗೆ ಹೋಗಿ ಅಂತ ಚೀಟಿ ಕೊಡ್ತಾರೆ, ಹೋಗೋಕೆ ಬರೋಕೆ ದುಡ್ಡಿಲ್ದೇ ಮುಂದಿನ ತಿಂಗಳು ಅಂತ ತಳ್ತಾ ತಳ್ತಾ ಎಂಟನೇ ತಿಂಗಳು ಬಂದಿರುತ್ತೆ. 108 ಬರೋದು ಎಮರ್ಜೆನ್ಸಿಗೆ, ಸ್ಕ್ಯಾನಿಂಗ್‌ಗಲ್ಲ. ಇನ್ನೊಂದು ರಕ್ತಹೀನತೆ. ಮಾತ್ರೆ ನಾವು ಕೊಡ್ತೀವಿ, ಹೊಟ್ಟೆ ತೊಳಸುತ್ತೆ ಅಂತ ಬಿಟ್‌ಬಿಡ್ತಾರೆ, ಖಾಲಿ ಹೊಟ್ಟೆಗೆ ನುಂಗಿ ಕೂಲಿಗೆ ಹೋದ್ರೆ ತೊಳಸದೇ ಇರುತ್ತಾ. ಅಲ್ಲಿ ಮಾತ್ರೆ ಸಮಸ್ಯೆ ಅಲ್ಲ ಸಾರ್, ಊಟದ್ದು.

ಕಮ್ಯುನಿಟಿ ಮೆಡಿಸಿನ್ ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ 47.8% ಜನಕ್ಕೆ ರಕ್ತಹೀನತೆ, ಅಂದ್ರೆ ಹೆಚ್ಚುಕಮ್ಮಿ ಇಬ್ರಲ್ಲಿ ಒಬ್ರಿಗೆ. ಯಾಕೆ ಅನ್ನೋದನ್ನ ಅಕ್ಕ ಒಂದೇ ಸಾಲಲ್ಲಿ ಹೇಳಿದಾರೆ, ನಾನು ಅದಕ್ಕೆ ಒಂದು ಇಡೀ ಕ್ಲಾಸ್ ತಗೋತಿದ್ದೆ. ಅವ್ರು ಹೇಳಿದ ಹಾಗೇ ಮೊದ್ಲು ಉಪಕೇಂದ್ರಕ್ಕೆ ಹೋಗಿ, ನಮ್ಮಂಥವರ ಮೀಟಿಂಗ್ ಆಮೇಲೆ ಇರ್ಲಿ.

ಮಧುಗಿರಿಯವ

ಎಲ್ರಿಗೂ ಕೈ ಮುಗೀತೀನಿ. ಇದನ್ನೆಲ್ಲ ಪ್ರಿಂಟ್ ತೆಗೆದು ದೊಡ್ಡಪ್ಪನಿಗೆ ಓದಿ ಹೇಳ್ದೆ. ಮಳ್ಳೂರಿನ ವಿಷಯಕ್ಕೆ ಏನೂ ಮಾತಾಡ್ಲಿಲ್ಲ, ಮುಂಡರಗಿಯವ್ರ ನೀರಿನ ವಿಷಯ ಎರಡನೇ ಸಲ ಓದಿಸ್ಕೊಂಡ್ರು. ಮುಂದಿನ ಮಂಗಳವಾರ ನಮ್ಮ ಉಪಕೇಂದ್ರಕ್ಕೆ ನಾನು ಅವ್ರೂ ಹೋಗ್ತಿದೀವಿ, ಅಲ್ಲಿನ ಆಶಾಗಳ ಹತ್ರ ಮಾತಾಡಿ ಆಯ್ತು. ಈ ವರ್ಷ ಟಿಬಿ ಇರೋ ಮನೆಗಳಿಗೆ ಅಕ್ಕಿ ಬೇಳೆ, ಬಸುರಿಯರ ಆಟೋ ಬಾಡಿಗೆ, ಇವೆರಡರಿಂದ ಶುರು ಮಾಡಣ ಅಂತ. ದೊಡ್ಡಪ್ಪ ಒಂದೇ ಒಂದು ಕೇಳಿದಾರೆ, ಬೇಳೆ ಚೀಲದ ಮೇಲೆ ತಾತನ ಹೆಸ್ರು, ಟ್ರಸ್ಟ್ ಹೆಸ್ರು ಅಚ್ಚು ಹಾಕ್ಸಣ ಅಂತ. ಅದಕ್ಕೆ ಇಲ್ಲ ಅನ್ನೋಕೆ ನನಗೆ ಮನಸ್ಸಾಗ್ಲಿಲ್ಲ. ತಪ್ಪೇನಿಲ್ಲ ಅಲ್ವಾ?

ಆಶಾ ಅಕ್ಕ

ಬೇಡ ಸಾರ್. ಆ ಚೀಲ ಯಾರ ಮನೆ ಬಾಗ್ಲಲ್ಲಿ ಕಂಡ್ರೆ ಅವ್ರಿಗೆ ಟಿಬಿ ಅಂತ ಎರಡೇ ತಿಂಗಳಲ್ಲಿ ಊರಿಗೆಲ್ಲ ಗೊತ್ತಾಗುತ್ತೆ, ಮದುವೆಗೆ ಬಂದಿರೋ ಹುಡುಗಿ ಇದ್ರೆ ಸಂಬಂಧ ನಿಲ್ಲುತ್ತೆ, ನಾನೇ ನೋಡಿದೀನಿ. ಸಾದಾ ಚೀಲದಲ್ಲಿ ಕೊಡಿ, ಸಂತೆ ಸಾಮಾನಿನ ಜೊತೆ ನಾವು ತಗೊಂಡ್ ಹೋಗಿ ಇಟ್ಟು ಬರ್ತೀವಿ. ತಾತನ ಹೆಸ್ರನ್ನ ಬೇಕಾದ್ರೆ ಉಪಕೇಂದ್ರದಲ್ಲಿ ಬಸುರಿಯರು ಕೂರೋಕೆ ಒಂದು ಬೆಂಚ್ ಮಾಡ್ಸಿ ಅದ್ರ ಮೇಲೆ ಬರೆಸಿ. ನಮ್ಮಲ್ಲಿ ಬೆಂಚಿಲ್ಲ, ಎಲ್ರೂ ಮೆಟ್ಲ ಮೇಲೆ ಕೂರ್ತಾರೆ.