ಓದುಗರ ಸ್ಪಂದನ: ಪ್ರವಾಸದ ಕೊನೆಯ ಮೂರು ದಿನ

ಸಮಸ್ಯೆ

ನಾವು ಆರು ಮಂದಿ ಗೆಳತಿಯರು ಸೇರಿ ಹನ್ನೆರಡು ದಿನಗಳ ವಿದೇಶ ಪ್ರವಾಸಕ್ಕೆ ಹೊರಟಿದ್ದೇವೆ. ಹಿಂದಿನ ಎರಡೂ ಪ್ರವಾಸಗಳು ಹತ್ತು ದಿನ ಚೆನ್ನಾಗಿ ನಡೆದು ಕೊನೆಯಲ್ಲಿ ಕೆಟ್ಟವು. ಲೆಕ್ಕ ಕೂಡಲಿಲ್ಲ, ಸೂಟ್‌ಕೇಸ್ ಮುಚ್ಚಲಿಲ್ಲ, ಒಬ್ಬರಿಗೆ ಖರೀದಿ ಬೇಕು, ಇನ್ನೊಬ್ಬರಿಗೆ ಸುತ್ತಾಟ ಬೇಕು. ಈ ಸಲ ಮರಳುವ ವಿಮಾನ 15ನೇ ತಾರೀಕು 00.40ಕ್ಕೆ. 14ರ ಬೆಳಿಗ್ಗೆ ಸ್ಕೂಬಾ ಡೈವಿಂಗ್ ಮಾಡಲೇಬೇಕೆಂದು ಇಬ್ಬರ ಹಟ. ಕೊನೆಯ ಮೂರು ದಿನ ಹೇಗೆ ಹೊಂದಿಸಿಕೊಳ್ಳುವುದು?

ಸ್ಪಂದನ

ನಿಮ್ಮ ಪತ್ರದಲ್ಲಿ ಜಗಳಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು 00.40 ಎಂಬ ಅಂಕಿ. ‘15ಕ್ಕೆ ವಿಮಾನ’ ಎಂದು ತಲೆಯಲ್ಲಿ ಕೂತುಬಿಟ್ಟರೆ 15ರ ಸಂಜೆ ಪೆಟ್ಟಿಗೆ ಕಟ್ಟುವವರು ಇದ್ದೇ ಇರುತ್ತಾರೆ. ಅಷ್ಟು ಹೊತ್ತಿಗೆ ವಿಮಾನ ಹೋಗಿ ಒಂದು ಹಗಲು ಕಳೆದಿರುತ್ತದೆ. ಗುಂಪಿನ ಸಂದೇಶದಲ್ಲಿ ‘14ನೇ ತಾರೀಕು ರಾತ್ರಿ 8ಕ್ಕೆ ಹೋಟೆಲಿನಿಂದ ಹೊರಡುವುದು’ ಎಂದೇ ಬರೆದು, ಮೇಲೆ ಪಿನ್ ಮಾಡಿ. ವೀಸಾ 14ಕ್ಕೇ ಮುಗಿಯುವಂತಿದ್ದರೆ ಈಗಲೇ ಎಚ್ಚೆತ್ತುಕೊಳ್ಳಿ. ನಿರ್ಗಮನ ಮುದ್ರೆ ನಡುರಾತ್ರಿಗೆ ಮುಂಚೆ ಬೀಳುತ್ತದೋ ಆಮೇಲೋ ಎಂಬುದನ್ನು ವಲಸೆ ಕೌಂಟರಿನ ಸಾಲು ನಿರ್ಧರಿಸುವಂತಾಗಬಾರದು.

ಹಿಂದಿನಿಂದ ಲೆಕ್ಕ ಹಾಕಿ. ಅಂತರರಾಷ್ಟ್ರೀಯ ವಿಮಾನಗಳ ಚೆಕ್‌ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಅಂದರೆ 23.40ಕ್ಕೆ. ಮೂರು ಗಂಟೆ ಮೊದಲು ಎಂದರೆ 21.40ಕ್ಕೆ ಅಲ್ಲಿರಬೇಕು. ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಪ್ರವಾಸಿಗರು ಹಿಂಪಡೆಯುವ ‘ತೆರಿಗೆ ವಾಪಸಿ’ನ ಕೆಲಸ ಇದ್ದರೆ ಇನ್ನೊಂದು ಮುಕ್ಕಾಲು ಗಂಟೆ ಮುಂಚೆ. ಇದರ ಹಿಂದೆ ದಾರಿಯ ಸಮಯ ಸೇರಿಸಿ. ದಾರಿಯ ಸಮಯವನ್ನು ನಕ್ಷೆಯಲ್ಲಿ ಬೆಳಿಗ್ಗೆ ನೋಡಿದರೆ ಪ್ರಯೋಜನವಿಲ್ಲ. ವಾರದ ಅದೇ ದಿನ, ಅದೇ ಹೊತ್ತಿಗೆ ಎಷ್ಟಾಗುತ್ತದೆ ಎಂದು ನೋಡಬೇಕು.

ಹೋಟೆಲಿನ ಕೋಣೆ 14ರ ಬೆಳಿಗ್ಗೆಯೇ ಬಿಡಬೇಕಾಗುತ್ತದೆ. ಆಮೇಲೆ ಹತ್ತು ಗಂಟೆ ಆರು ಪೆಟ್ಟಿಗೆಗಳೊಂದಿಗೆ ಲಾಬಿಯಲ್ಲಿ ಕೂರುವುದೇ ಮುಕ್ಕಾಲು ಪಾಲು ಸಿಡುಕಿಗೆ ಕಾರಣ. ಒಂದೇ ಒಂದು ಕೋಣೆಯನ್ನು 14ರ ರಾತ್ರಿಗೂ ಕಾದಿರಿಸಿ, ಬಾಡಿಗೆ ಆರು ಪಾಲು ಮಾಡಿ. ಸ್ನಾನ, ಬಟ್ಟೆ ಬದಲಾವಣೆ, ಕಾಲು ಚಾಚುವುದು ಎಲ್ಲಕ್ಕೂ ಅದು ಸಾಕು. ಇನ್ನು ಗಾಡಿ: ಏಳು ಆಸನದ ಗಾಡಿಯಲ್ಲಿ ಹಿಂದಿನ ಸಾಲು ಬಿಡಿಸಿದರೆ ಪೆಟ್ಟಿಗೆಗೆ ಜಾಗವೇ ಉಳಿಯುವುದಿಲ್ಲ. ಆರು ಜನ ಮತ್ತು ಆರು ದೊಡ್ಡ ಸೂಟ್‌ಕೇಸ್ ಎಂದರೆ ಒಂದು ವ್ಯಾನ್, ಇಲ್ಲವೇ ಎರಡು ಕಾರು. ಕಾದಿರಿಸುವಾಗ ತಲೆ ಎಷ್ಟು ಎನ್ನುವುದರ ಜೊತೆ ಪೆಟ್ಟಿಗೆ ಎಷ್ಟು ಎಂದೂ ಹೇಳಿ.

ಖರೀದಿಯೋ ಸುತ್ತಾಟವೋ ಎಂಬುದಕ್ಕೆ ಮತ ಹಾಕಬೇಡಿ. 13ರಂದು ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಒಟ್ಟಿಗೆ, ನಡುವೆ ಅವರವರ ಪಾಡು, ವಾಪಸು ಬರುವ ಹೊತ್ತು ಮಾತ್ರ ಗೊತ್ತು ಮಾಡಿಕೊಳ್ಳಿ. ಎಲ್ಲರಿಗೂ ಬಹಳ ಬೇಕಾದದ್ದನ್ನು ಕೊನೆಯ ದಿನಕ್ಕೆ ಇಡಲೇಬಾರದು. ದೋಣಿ ವಿಹಾರದಂಥದ್ದು 12ಕ್ಕೇ ಇರಲಿ. ಮಳೆ ಗಾಳಿಗೆ ರದ್ದಾದರೆ 13 ಕೈಯಲ್ಲಿರುತ್ತದೆ. 14ರಂದು ಹೋಟೆಲಿನಿಂದ ಅರ್ಧ ಗಂಟೆಯ ಆಚೆ ಯಾರೂ ಹೋಗುವುದು ಬೇಡ.

– ಪ್ರವಾಸ ವ್ಯವಸ್ಥಾಪಕಿ

ಸ್ಕೂಬಾ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ನೀರಿನಡಿ ಒತ್ತಡದಲ್ಲಿ ಗಾಳಿ ಉಸಿರಾಡುವಾಗ ಹೆಚ್ಚಿನ ನೈಟ್ರೋಜನ್ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ, ಮೇಲೆ ಬಂದ ಮೇಲೆ ನಿಧಾನವಾಗಿ ಹೊರಹೋಗುತ್ತದೆ. ಹಾರುತ್ತಿರುವ ವಿಮಾನದ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು. ಉಳಿದ ನೈಟ್ರೋಜನ್ ಅಲ್ಲಿ ಗುಳ್ಳೆ ಕಟ್ಟಿದರೆ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು.

ಡೈವರ್‌ಗಳ ಸುರಕ್ಷತೆಯ ಮಾರ್ಗಸೂಚಿ ಹೇಳುವುದು ಇಷ್ಟು: ಒಂದೇ ಸಾಮಾನ್ಯ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಸತತ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. 24 ಗಂಟೆ ಬಿಡುವುದು ಇನ್ನೂ ಒಳ್ಳೆಯದು. ನಿಮ್ಮ 00.40ರಿಂದ 18 ಗಂಟೆ ಹಿಂದಕ್ಕೆ ಹೋದರೆ 14ರ ಬೆಳಿಗ್ಗೆ 6.40. ಬೋಟುಗಳು ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಎರಡು ಡೈವ್ ಮಾಡಿಸುತ್ತವೆ, ಆದ್ದರಿಂದ 14ರ ಬೆಳಗು ಆಗದ ಮಾತು. 12ರಂದು ಮಾಡಿ, 13ರಂದು ಬೇಕಿದ್ದರೆ ಸ್ನಾರ್ಕೆಲ್ ಹಾಕಿಕೊಂಡು ಈಜಿ. ಮೇಲ್ಮೈಯ ಗಾಳಿಯನ್ನೇ ಉಸಿರಾಡುವ ಸ್ನಾರ್ಕೆಲಿಂಗ್‌ಗೆ ಈ ನಿಯಮವಿಲ್ಲ. ತರಬೇತಿ ಇಲ್ಲದವರಿಗೆ ಮಾಡಿಸುವ ‘ಪರಿಚಯ ಡೈವ್’ ಕೂಡ ಡೈವೇ. ಅದನ್ನು ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

– ಸ್ಕೂಬಾ ತರಬೇತುದಾರ

ಲೆಕ್ಕ ಕೂಡದಿರುವುದು ಯಾರೋ ಮೋಸ ಮಾಡಿದ್ದರಿಂದಲ್ಲ, ಮೂರು ಬಗೆಯ ಖರ್ಚು ಒಂದೇ ಪಟ್ಟಿಯಲ್ಲಿ ಬೆರೆಯುವುದರಿಂದ. ಎಲ್ಲರದೂ ಆದ ಖರ್ಚು, ಕೆಲವರದಷ್ಟೇ ಆದ ಖರ್ಚು, ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಕೈಸಾಲ. ಪ್ರತಿ ಸಾಲಿನಲ್ಲೂ ಕೊಟ್ಟವರು ಯಾರು, ಎಷ್ಟು, ಯಾರ್‍ಯಾರ ಪಾಲು ಎಂಬ ಮೂರು ಕಾಲಂ ಇರಲಿ. ಬೋಟಿಗೆ ನಾಲ್ವರು ಹೋದರೆ ನಾಲ್ಕರಿಂದಲೇ ಭಾಗಿಸಿ. ಹೋಟೆಲಿನವರು ಕಾರ್ಡಿನ ಮೇಲೆ ತಡೆಹಿಡಿಯುವ ಮುಂಗಡ ಖರ್ಚಲ್ಲ, ಅದನ್ನು ಬರೆಯಲೇಬೇಡಿ. ಎಷ್ಟೋ ಗುಂಪುಗಳಲ್ಲಿ ಅದೇ ಎರಡು ಸಲ ಸೇರಿ ಗೊಂದಲವಾಗುತ್ತದೆ.

ತೀರುವಳಿಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೆ ಕೊಡುತ್ತ ಕೂರಬೇಕಿಲ್ಲ. ಉದಾಹರಣೆಗೆ ಒಟ್ಟು 2,400 ಖರ್ಚಾಗಿದೆ, ಎಲ್ಲವೂ ಸಮಪಾಲಿನದು. ತಲೆಗೆ 400. ಕ ಕೊಟ್ಟದ್ದು 1,000, ಖ 700, ಗ 400, ಘ 200, ಚ 100, ಛ ಏನೂ ಕೊಟ್ಟಿಲ್ಲ. ಈಗ ಕ-ಗೆ 600 ಬರಬೇಕು, ಖ-ಗೆ 300 ಬರಬೇಕು, ಗ ಚುಕ್ತಾ. ಘ 200, ಚ 300, ಛ 400 ಕೊಡಬೇಕು. ಬರಬೇಕಾದದ್ದು 900, ಕೊಡಬೇಕಾದದ್ದೂ 900. ಈ ಎರಡು ಸರಿಹೊಂದದೆ ಮುಂದಕ್ಕೆ ಹೋಗಬೇಡಿ, ತಪ್ಪು ಮೇಲಿನ ಪಟ್ಟಿಯಲ್ಲೇ ಇರುತ್ತದೆ. ಮೊದಲು ಸರಿಸಮ ಇರುವ ಜೋಡಿ ಹುಡುಕಿ: ಚ ತನ್ನ 300 ಖ-ಗೆ. ಆಮೇಲೆ ಛ 400, ಘ 200 ಎರಡೂ ಕ-ಗೆ. ಮೂರೇ ಪಾವತಿಯಲ್ಲಿ ಮುಗಿಯಿತು. ಆರು ಜನರಿದ್ದರೆ ಎಷ್ಟೇ ಜಟಿಲವಾದರೂ ಐದಕ್ಕಿಂತ ಹೆಚ್ಚು ಪಾವತಿ ಬೇಕಾಗುವುದಿಲ್ಲ.

ಪುಸ್ತಕವನ್ನು 13ರ ರಾತ್ರಿ ಊಟಕ್ಕೆ ಮುಂಚೆ ಮುಚ್ಚಿ. ಊಟವಾದ ಮೇಲೆ ಎಂದರೆ ನಿದ್ದೆ, ನಿದ್ದೆಯ ಹೊತ್ತಿನಲ್ಲಿ ಲೆಕ್ಕ ಎಂದರೆ ಮುನಿಸು. 14ರ ಖರ್ಚಿಗೆ ಎಲ್ಲರಿಂದ ಸಮನಾಗಿ ನಗದು ಎತ್ತಿ ಒಂದು ಚೀಲದಲ್ಲಿ ಹಾಕಿ, ಗಾಡಿ, ಊಟ, ನೀರು ಎಲ್ಲ ಅದರಿಂದಲೇ. ಆ ಚೀಲಕ್ಕೆ ಮೊದಲು ಎಲ್ಲರ ನಾಣ್ಯಗಳನ್ನು ಸುರಿಯಿರಿ. ವಿನಿಮಯ ಕೌಂಟರುಗಳು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತವೆ, ನಾಣ್ಯ ಮನೆಗೆ ಬಂದು ಡಬ್ಬಿ ಸೇರುತ್ತದೆ.

– ಲೆಕ್ಕಪರಿಶೋಧಕಿ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಒಂದು ತಕರಾರಿದೆ. ಯಾರು ಯಾರಿಗೆ ಎಷ್ಟು ಎಂಬುದನ್ನು 13ರಂದು ಆ ದೇಶದ ಹಣದಲ್ಲಿ ನಿಗದಿ ಮಾಡಿ, ಆದರೆ ಅಂದೇ ಸ್ವಂತ ಹಣಕ್ಕೆ ಪರಿವರ್ತಿಸಿ ಕೊಟ್ಟುಬಿಡಬೇಡಿ. ಕಾರ್ಡಿನಲ್ಲಿ ಕೊಟ್ಟವರಿಗೆ ಬೀಳುವ ದರ ಅಂತರಜಾಲದಲ್ಲಿ ಕಾಣುವ ದರವಲ್ಲ. ವ್ಯವಹಾರ ಖಾತೆಗೆ ಬೀಳಲು ಕೆಲವು ದಿನ ಹಿಡಿಯುತ್ತದೆ, ಅಂದಿನ ದರ ಹತ್ತುತ್ತದೆ, ಮೇಲೆ ವಿದೇಶಿ ವಿನಿಮಯ ಶುಲ್ಕ. ಇದನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೆ ಎಲ್ಲರಿಗಾಗಿ ಕಾರ್ಡು ಉಜ್ಜಿದವರೇ ಕೈಯಿಂದ ಕಳೆದುಕೊಳ್ಳುತ್ತಾರೆ. ಊರಿಗೆ ಬಂದು ವಾರ ಕಳೆದ ಮೇಲೆ, ಖಾತೆಯಿಂದ ನಿಜವಾಗಿ ಹೋದ ಮೊತ್ತವನ್ನು ಶುಲ್ಕ ಸಮೇತ ಕೂಡಿ, ಅಲ್ಲಿನ ಹಣದ ಮೊತ್ತದಿಂದ ಭಾಗಿಸಿ. ಅದೇ ನಿಮ್ಮ ಗುಂಪಿನ ದರ. ಕೊನೆಯ ದಿನ ಅಂಗಡಿಯ ಯಂತ್ರ ‘ನಿಮ್ಮ ದೇಶದ ಹಣದಲ್ಲೋ, ಇಲ್ಲಿನ ಹಣದಲ್ಲೋ’ ಎಂದು ಕೇಳಿದರೆ ಯಾವಾಗಲೂ ಇಲ್ಲಿನದು ಎಂದೇ ಒತ್ತಿ. ಇನ್ನೊಂದನ್ನು ಒತ್ತಿದರೆ ಪರಿವರ್ತನೆಯ ದರವನ್ನು ನಿಮ್ಮ ಬ್ಯಾಂಕಿನ ಬದಲು ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

– ನಿವೃತ್ತ ಬ್ಯಾಂಕ್ ಅಧಿಕಾರಿ

ಪೆಟ್ಟಿಗೆಯನ್ನು 14ರಂದಲ್ಲ, 12ರ ರಾತ್ರಿ ಒಮ್ಮೆ ಪೂರ್ತಿ ಕಟ್ಟಿ ತೂಗಿ. ಏನು ಕೊಳ್ಳಬಹುದು ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. ಕೈಯಲ್ಲಿ ಎತ್ತಿ ಹಿಡಿಯುವ ತೂಕದ ಕೊಕ್ಕೆ ಆರು ಜನಕ್ಕೆ ಒಂದು ಸಾಕು. ಮಿತಿ 23 ಕಿಲೋ ಇದ್ದರೆ 22ಕ್ಕೆ ನಿಲ್ಲಿಸಿ, ನಿಮ್ಮ ಕೊಕ್ಕೆಯೂ ಕೌಂಟರಿನ ತಕ್ಕಡಿಯೂ ಒಂದೇ ಹೇಳುವುದಿಲ್ಲ.

‘ನನ್ನದು 27, ಅವಳದು 18, ಒಟ್ಟು ಸರಿಹೋಗುತ್ತದೆ’ ಎಂಬ ವಾದ ಟಿಕೆಟಿನ ನಿಯಮದ ಮೇಲೆ ನಿಲ್ಲುತ್ತದೆ. ಒಟ್ಟು ತೂಕದ ಪದ್ಧತಿ ಇದ್ದು, ಎಲ್ಲರ ಟಿಕೆಟ್ ಒಂದೇ ಬುಕಿಂಗಿನಲ್ಲಿದ್ದರೆ ಎಷ್ಟೋ ಕಡೆ ನಡೆಯುತ್ತದೆ. ಇಂತಿಷ್ಟು ಪೆಟ್ಟಿಗೆ, ಪ್ರತಿಯೊಂದಕ್ಕೂ ಮಿತಿ ಎಂಬ ಪದ್ಧತಿಯಾದರೆ ನಡೆಯುವುದಿಲ್ಲ, ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ. 32 ಕಿಲೋ ದಾಟಿದ ಒಂಟಿ ಪೆಟ್ಟಿಗೆಯನ್ನು ಹಣ ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದು ಎತ್ತುವವರ ಬೆನ್ನಿನ ಪ್ರಶ್ನೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೆಳಗೆ ಕಳಿಸುವ ಪೆಟ್ಟಿಗೆಯಲ್ಲಿ ಸಿಕ್ಕರೆ ಪೆಟ್ಟಿಗೆ ತೆರೆಸುತ್ತಾರೆ. ಅನುಮತಿ ಬೇಡದ ಮಿತಿ 100 ವ್ಯಾಟ್-ಅವರ್. ಮಿಲಿಆಂಪ್-ಅವರ್ ಅನ್ನು ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿ: 20,000 × 3.7 ÷ 1,000 = 74, ತೊಂದರೆಯಿಲ್ಲ. 30,000ದ್ದು 111 ಆಗುತ್ತದೆ, ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ವಾದಿಸಿ ಪ್ರಯೋಜನವಿಲ್ಲ. ವಿಮಾನದ ಬಾಗಿಲಲ್ಲಿ ಜಾಗವಿಲ್ಲವೆಂದು ಕೈಚೀಲವನ್ನೂ ಕೆಳಗೆ ಕಳಿಸುವುದುಂಟು, ಆಗ ಪವರ್ ಬ್ಯಾಂಕ್, ಔಷಧಿ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳಿ.

ಸುಂಕರಹಿತ ಅಂಗಡಿಯ ಬಾಟಲಿ ಕೊಂಡರೆ ಮೊಹರು ಮಾಡಿದ ಚೀಲವನ್ನು ಮನೆ ತಲುಪುವವರೆಗೆ ಒಡೆಯಬೇಡಿ, ರಸೀದಿ ಒಳಗೇ ಕಾಣುವಂತಿರಲಿ. ನಡುವೆ ವಿಮಾನ ಬದಲಿಸುವಲ್ಲಿ ಮತ್ತೆ ತಪಾಸಣೆ ಇದ್ದರೆ, ಒಡೆದ ಚೀಲದ 100 ಮಿಲಿ ಮೀರಿದ ಬಾಟಲಿ ಕಸದ ಬುಟ್ಟಿಗೆ.

– ವಿಮಾನ ನಿಲ್ದಾಣದ ಚೆಕ್‌ಇನ್ ವಿಭಾಗದವರು

ತೆರಿಗೆ ವಾಪಸು ಸಿಗುವ ದೇಶವಾದರೆ ಒಂದೇ ಮಾತು: ಪೆಟ್ಟಿಗೆ ಕಳಿಸುವ ಮೊದಲು ಕಸ್ಟಮ್ಸ್. ಅಧಿಕಾರಿ ಸಾಮಾನು ತೋರಿಸಿ ಎಂದಾಗ ಅದು ಆಗಲೇ ಬೆಲ್ಟಿನ ಮೇಲೆ ಹೋಗಿದ್ದರೆ ವಾಪಸಿನ ಕಾಗದಕ್ಕೆ ಮುದ್ರೆ ಬೀಳುವುದಿಲ್ಲ. ಕೊಂಡ ಬಟ್ಟೆಯನ್ನು ತೊಟ್ಟುಕೊಂಡೇ ಹೋಗಬೇಡಿ. ಗೆಳತಿಯರೆಲ್ಲರ ಖರೀದಿಯನ್ನು ಒಬ್ಬರ ಪಾಸ್‌ಪೋರ್ಟಿನ ಮೇಲೆ ಬರೆಸಿದ್ದರೆ ಆ ಒಬ್ಬರೇ ಎಲ್ಲ ಸಾಮಾನಿನೊಂದಿಗೆ ಕೌಂಟರಿನಲ್ಲಿ ನಿಲ್ಲಬೇಕು. ಐರೋಪ್ಯ ಒಕ್ಕೂಟದಲ್ಲಿ ಹಲವು ದೇಶ ಸುತ್ತಿದ್ದರೆ ಮುದ್ರೆ ಹಾಕಿಸುವುದು ಒಕ್ಕೂಟದಿಂದ ಕೊನೆಗೆ ಹೊರಬೀಳುವ ಕಡೆ. ಕೊಂಡ ತಿಂಗಳ ನಂತರದ ಮೂರನೇ ತಿಂಗಳು ಮುಗಿಯುವುದರೊಳಗೆ ಸಾಮಾನು ಹೊರಹೋಗಿರಬೇಕು. ಗ್ರೇಟ್ ಬ್ರಿಟನ್‌ನಲ್ಲಿ ಪ್ರವಾಸಿಗರು ಕೈಯಲ್ಲಿ ಒಯ್ಯುವ ಸಾಮಾನಿಗೆ ಈ ಸೌಲಭ್ಯ 2021ರ ಜನವರಿಯಿಂದಲೇ ಇಲ್ಲ, ಹಳೆಯ ಪ್ರವಾಸ ಬರಹ ಓದಿ ಸಾಲಿನಲ್ಲಿ ನಿಲ್ಲಬೇಡಿ. ಕೊನೆಯ ದಿನದ ಆತುರದಲ್ಲಿ ಹವಳ, ಆಮೆಚಿಪ್ಪು, ಹಾವಿನ ಚರ್ಮದ ವಸ್ತು ಕೊಳ್ಳುವುದು ಬೇಡವೇ ಬೇಡ. ಅಂಗಡಿಯವರ ರಸೀದಿ ವನ್ಯಜೀವಿ ಪರವಾನಗಿಯಾಗುವುದಿಲ್ಲ.

– ಕಸ್ಟಮ್ಸ್ ಸಲಹೆಗಾರ

ಚಿಕ್ಕ ಸೇರ್ಪಡೆ. ಪಾಸ್‌ಪೋರ್ಟ್ ಇದೆಯೇ ಎಂದು 12ರ ಸಂಜೆಯೇ ಆರು ಜನರೂ ತೆಗೆದು ತೋರಿಸಿ. ಕಳೆದಿದ್ದರೆ ಪೊಲೀಸ್ ದೂರು, ದೂತಾವಾಸದ ತುರ್ತು ಪ್ರಯಾಣ ಪತ್ರ, ಕೆಲವು ದೇಶಗಳಲ್ಲಿ ಅದರ ಮೇಲೆ ನಿರ್ಗಮನ ಅನುಮತಿ ಎಂದು ಮೂರು ಕಚೇರಿ ಸುತ್ತಬೇಕು, ವಾರಾಂತ್ಯ ಬಂದರೆ ಎಲ್ಲವೂ ಮುಚ್ಚಿರುತ್ತವೆ. ಪಾಸ್‌ಪೋರ್ಟಿನ ವಿವರಗಳ ಪುಟ ಮತ್ತು ವೀಸಾದ ನಕಲು, ಎರಡು ಭಾವಚಿತ್ರ ಬೇರೆಯವರ ಚೀಲದಲ್ಲಿರಲಿ. ತನ್ನ ಚೀಲದಲ್ಲೇ ಇಟ್ಟ ನಕಲು ಚೀಲದ ಜೊತೆಗೇ ಹೋಗುತ್ತದೆ. ತುರ್ತು ಪತ್ರದ ಮೇಲೆ ನಡುವಿನ ದೇಶದಲ್ಲಿ ವಿಮಾನ ಬದಲಿಸಲು ಬಿಡುತ್ತಾರೆಯೇ ಎಂದು ವಿಮಾನ ಸಂಸ್ಥೆಯನ್ನು ಕೇಳಿಯೇ ಹೊಸ ಟಿಕೆಟ್ ಮಾಡಿಸಿ.

– ವೀಸಾ ಸಹಾಯಕಿ

ಎಲ್ಲರೂ ವಿಮಾನದವರೆಗೆ ಹೇಳಿ ಬಿಟ್ಟಿದ್ದಾರೆ. ಇಳಿದ ಮೇಲೆ ಪೆಟ್ಟಿಗೆ ಬರದಿದ್ದರೆ ಅಥವಾ ಚಕ್ರ ಮುರಿದು ಬಂದರೆ, ಹೊರಬಾಗಿಲು ದಾಟುವ ಮೊದಲೇ ಸಾಮಾನು ವಿಭಾಗದಲ್ಲಿ ವರದಿ ಬರೆಸಿ ಅದರ ಸಂಖ್ಯೆ ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಪ್ರಯಾಣದಲ್ಲಿ ಹಾನಿಗೆ ಲಿಖಿತ ದೂರು ಕೊಡಲು ಪೆಟ್ಟಿಗೆ ಕೈಗೆ ಬಂದ 7 ದಿನ, ತಡವಾಗಿ ಬಂದದ್ದಕ್ಕೆ ಕೈಗೆ ಬಂದ ದಿನದಿಂದ 21 ದಿನ ಅವಕಾಶ. ಸಾಮಾನು ಬದಲಾಯಿಸಿಕೊಂಡು ತುಂಬಿದ್ದರೆ ಯಾರ ಪೆಟ್ಟಿಗೆಯಲ್ಲಿ ಯಾರದು ಎಂಬುದರ ಒಂದು ಫೋಟೊ 14ರಂದೇ ತೆಗೆದಿಡಿ. ಪೆಟ್ಟಿಗೆಯ ಚೀಟಿಯ ತುಂಡು ಬೋರ್ಡಿಂಗ್ ಪಾಸಿನ ಹಿಂಬದಿಗೆ ಅಂಟಿರುತ್ತದೆ. ಇಳಿದ ಕೂಡಲೇ ಪಾಸನ್ನು ಎಸೆಯುವವರು ಅದನ್ನೂ ಎಸೆದಿರುತ್ತಾರೆ.

– ಪ್ರಯಾಣ ವಿಮೆ ವಿಭಾಗದವರು