ಅಪ್‌ಡೇಟ್: ಮಳೆಗಾಲದ ಹಳ್ಳದಲ್ಲಿ ಗಾಳಕ್ಕೆ ಮೀನು ಬಿತ್ತು

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳದಲ್ಲಿ ಮಳೆ ಹಿಡಿದ ಮೇಲೆ ಗಾಳಕ್ಕೆ ಮೀನು ಕಚ್ಚುವುದೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಕೆಂಪು ನೀರು ರಭಸದಿಂದ ಹರಿಯುವಾಗ ಬೇಡ, ಹೊಳವಾದ ಮೇಲೆ ಹೋಗಿ ಎಂದಿರಿ. ಹಾಗೆಯೇ ಮಾಡಿದೆ, ಫಲ ಸಿಕ್ಕಿತು.

ಆರಿದ್ರಾ ಮಳೆ ಬಿಡುವು ಕೊಟ್ಟು ನೀರು ಇಳಿಯತೊಡಗಿದ್ದ ಸಂಜೆ ಹೋದೆ. ಹಳ್ಳದ ನಡುವೆ ಎಸೆಯದೆ, ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವಲ್ಲಿ, ದಡದ ಹುಲ್ಲಿಗೆ ತಾಗಿಸಿಯೇ ಗಾಳ ಬಿಟ್ಟೆ. ಸೆಳೆತ ತಪ್ಪಿಸಿಕೊಂಡ ಮೀನು, ಕೊಚ್ಚಿ ಬರುವ ಹುಳಗಳಿಗಾಗಿ ಕಾಯುವುದು ಅಲ್ಲಿಯೇ. ಕಲಕಿದ ನೀರಿನಲ್ಲಿ ವಾಸನೆಯೇ ದಾರಿ ತೋರಿಸುವುದರಿಂದ ದಪ್ಪ ಎರೆಹುಳು ಚುಚ್ಚಿ, ಸೀಸದ ತುಂಡು ಕಟ್ಟಿ ತಳಕ್ಕೆ ಇಳಿಸಿದೆ. ಒಳ್ಳೆಯ ಕೊರವ ಮೀನು ಬಿತ್ತು! ಚೇಳುಮೀನೂ ಬಿತ್ತು, ಅದರ ಮುಳ್ಳಿನಲ್ಲಿ ವಿಷವಿದೆ, ಬರಿಗೈಯಲ್ಲಿ ಹಿಡಿಯಬೇಡಿ.

ಮೊಟ್ಟೆ ತುಂಬಿದ್ದೊಂದನ್ನು ನೀರಿಗೇ ಬಿಟ್ಟೆ. ಮೊದಲ ಮಳೆಗೆ ಮೊಟ್ಟೆಯಿಡಲು ಗದ್ದೆಯತ್ತ ಹತ್ತುವ ಮೀನಿಗೆ ಕೂಣಿ (ಮೀನು ಹಿಡಿಯುವ ಬೋನು) ಒಡ್ಡಿ ಬಾಚುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮರಿಗಳೇ ಇಲ್ಲದಿದ್ದರೆ ಮುಂದಿನ ವರ್ಷ ಹಳ್ಳದಲ್ಲಿ ಏನು ಉಳಿಯುತ್ತದೆ?

ಹೊಸಬರಿಗೆ ಇನ್ನೊಂದು ಮಾತು: ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಸುರಿದರೆ ಹಳ್ಳ ದಿಢೀರನೆ ಏರುತ್ತದೆ. ತೇಲಿ ಬರುವ ಕಸಕಡ್ಡಿ ಹೆಚ್ಚಾದ ಕೂಡಲೇ ಗಾಳ ಎತ್ತಿ ದಡ ಹತ್ತಿ.